ಲೈಟ್ ಹತ್ತಿದ ತಕ್ಷಣ ಮೀನು ಹಾರುತ್ತಿವೆ. ಟ್ಯಾಂಕ್‌ಗೆ ನಿಧಾನವಾಗಿ ಬೆಳಗು, ನಿಧಾನವಾಗಿ ಕತ್ತಲು ತರುವುದು ಹೇಗೆ?

ಹೊಳೆಸಾಲು, ಶಿವಮೊಗ್ಗ

ಎಲ್ಲರಿಗೂ ನಮಸ್ಕಾರ. ಬೇಜಾರಲ್ಲಿ ಬರೆಯುತ್ತಿದ್ದೇನೆ. ನನ್ನದು 4 ಅಡಿ ಟ್ಯಾಂಕ್. ಎರಡು ವರ್ಷದಿಂದ 7 ಮಿಸ್ ಕೇರಳ ಮೀನು ಸಾಕಿದ್ದೆ. ನಿನ್ನೆ ಭಾನುವಾರ, ಎದ್ದಾಗ 9 ಗಂಟೆ. ಹಾಲ್‌ಗೆ ಬಂದು ನೋಡಿದರೆ ಒಂದು ಮೀನು ನೆಲದ ಮೇಲೆ ಒಣಗಿ ಬಿದ್ದಿತ್ತು.

ಲೈಟ್ ಟೈಮರ್‌ನಲ್ಲಿದೆ. ಬೆಳಗ್ಗೆ 7ಕ್ಕೆ ಆನ್, ಸಂಜೆ 6ಕ್ಕೆ ಆಫ್. ಇವತ್ತು 6:45ಕ್ಕೇ ಕುರ್ಚಿ ಹಾಕಿಕೊಂಡು ಕತ್ತಲಲ್ಲಿ ಕೂತೆ. ಟೈಮರ್ ಟಕ್ ಅಂದಿದ್ದೇ ತಡ, ಉಳಿದ ಆರೂ ಒಟ್ಟಿಗೆ ಹುಚ್ಚೆದ್ದ ಹಾಗೆ ಓಡಿದವು. ಒಂದು ಗಾಜಿಗೆ ಮೂತಿ ಬಡಿದುಕೊಂಡಿತು. ಇನ್ನೊಂದು ನೀರಿನಿಂದ ಒಂದು ಗೇಣು ಮೇಲೆ ಹಾರಿತು. ಎರಡು ವರ್ಷದಿಂದ ದಿನಾ ಬೆಳಗ್ಗೆ ಇದೇ ಆಗುತ್ತಿತ್ತು ಅಂತ ಕಾಣುತ್ತದೆ, ನಾನು ನೋಡಿರಲಿಲ್ಲ ಅಷ್ಟೇ.

ಲೈಟ್ ಅಂದರೆ 12 ವೋಲ್ಟ್ ಬಿಳಿ ಎಲ್‌ಇಡಿ ಸ್ಟ್ರಿಪ್, ಮೂರು ಸಾಲು. ಸೂರ್ಯ ಹುಟ್ಟುವ ಹಾಗೆ ನಿಧಾನವಾಗಿ ಬೆಳಕು ಬರಬೇಕು, ಸಂಜೆ ನಿಧಾನವಾಗಿ ಹೋಗಬೇಕು. ಮನೆಯಲ್ಲೇ ಮಾಡಿಕೊಂಡವರು ಯಾರಾದರೂ ಇದ್ದೀರಾ?

ಬಾಳೆಮೀನು

ಮೊದಲು ಮುಚ್ಚಳ ಹಾಕಿ ಸರ್. ಇವತ್ತೇ.

ಕೆರೆಏರಿ, ತುಮಕೂರು

ಬೇಜಾರು ಮಾಡಿಕೊಳ್ಳಬೇಡಿ ಸರ್, ನಮ್ಮೆಲ್ಲರ ಮನೆಯಲ್ಲೂ ಹೀಗೆ ಒಂದಾದರೂ ಹೋಗಿದೆ. ಮಿಸ್ ಕೇರಳ, ಡ್ಯಾನಿಯೊ, ಹ್ಯಾಚೆಟ್ ಮೀನು, ಇವೆಲ್ಲ ಹಾರುವ ಜಾತಿಯೇ.

ದುಡ್ಡು ಖರ್ಚು ಮಾಡುವ ಮೊದಲು ಒಂದು ಕೆಲಸ ಮಾಡಿ. ಟ್ಯಾಂಕ್ ಲೈಟ್ ಹತ್ತುವ ಅರ್ಧ ಗಂಟೆ ಮೊದಲು ಕಿಟಕಿ ಪರದೆ ಸರಿಸಿ. ಅಥವಾ ರೂಮಿನ ಇನ್ನೊಂದು ಮೂಲೆಯಲ್ಲಿ ಒಂದು ಸಣ್ಣ ಬಲ್ಬ್ ಹಾಕಿ. ಸಂಜೆ ಉಲ್ಟಾ: ಟ್ಯಾಂಕ್ ಲೈಟ್ ಮೊದಲು ಆರಬೇಕು, ರೂಮಿನ ಲೈಟ್ ಆಮೇಲೆ. ನಾನು ಹದಿನೈದು ವರ್ಷ ಟ್ಯೂಬ್‌ಲೈಟ್‌ನಲ್ಲೇ ಮೀನು ಸಾಕಿದವನು. ಟ್ಯೂಬನ್ನು ಮಂದ ಮಾಡುವ ದಾರಿ ಇರಲಿಲ್ಲ. ಎರಡು ಟ್ಯೂಬ್, ಎರಡು ಟೈಮರ್, ನಡುವೆ ಅರ್ಧ ಗಂಟೆ ಅಂತರ. ಅಷ್ಟರಲ್ಲೇ ಗಾಬರಿ ಮುಕ್ಕಾಲು ಪಾಲು ನಿಂತಿತು.

ನಿಮ್ಮದು ಮೂರು ಸಾಲು ಇದೆಯಲ್ಲ, ಮೂರು ಟೈಮರ್ ಹಾಕಿದರೂ ಸಾಕು.

ಸೋಲ್ಡರ್‌ಕಡ್ಡಿ, ಬೆಂಗಳೂರು

ಮೂರು ಟೈಮರ್ ಅಂದರೆ ಒಂದು ದೊಡ್ಡ ಗಾಬರಿ ಬದಲು ಮೂರು ಸಣ್ಣ ಗಾಬರಿ ಅಲ್ವಾ ಅಣ್ಣ? ಸೊನ್ನೆಯಿಂದ ಮೂರನೇ ಒಂದು ಪಾಲಿಗೆ ಹಾರುವುದೂ ಹಾರುವುದೇ.

ಕೆರೆಏರಿ, ತುಮಕೂರು

ರೂಮಿನಲ್ಲಿ ಆಗಲೇ ಬೆಳಕಿದ್ದರೆ ಅದು ಸೊನ್ನೆಯಿಂದ ಅಲ್ಲ ತಮ್ಮ. ಅದಕ್ಕೇ ಪರದೆ ಸರಿಸಿ ಅಂದದ್ದು.

ಜೀಬ್ರಾಪಟ್ಟೆ

ನಾನು ಕೆಲಸ ಮಾಡುವುದು ಜೀಬ್ರಾ ಮೀನಿನ ಲ್ಯಾಬ್‌ನಲ್ಲಿ. ಮೀನು ಯಾಕೆ ಹೀಗೆ ಓಡುತ್ತದೆ ಅಂತ ಸ್ವಲ್ಪ ಹೇಳುತ್ತೇನೆ.

ಕತ್ತಲಲ್ಲಿ ಯಾರಾದರೂ ಮುಖಕ್ಕೆ ಟಾರ್ಚ್ ಬಿಟ್ಟರೆ ನಾವು ರೆಪ್ಪೆ ಮುಚ್ಚುತ್ತೇವೆ. ನಮ್ಮ ಕಣ್ಣಿನ ಪಾಪೆಯೂ ತಕ್ಷಣ ಚಿಕ್ಕದಾಗುತ್ತದೆ. ಮೀನಿಗೆ ರೆಪ್ಪೆ ಇಲ್ಲ. ಮುಳ್ಳುಮೀನುಗಳಲ್ಲಿ ಹೆಚ್ಚಿನವಕ್ಕೆ ಪಾಪೆಯೂ ಹಿಗ್ಗುವುದಿಲ್ಲ, ಕುಗ್ಗುವುದಿಲ್ಲ. ಅವುಗಳ ಕಣ್ಣು ಬೆಳಕಿಗೆ ಹೊಂದಿಕೊಳ್ಳುವ ರೀತಿಯೇ ಬೇರೆ. ಕಣ್ಣಿನ ಒಳಪರದೆಯಲ್ಲಿ ಹಗಲಿಗೆ ಕೆಲಸ ಮಾಡುವ ಜೀವಕೋಶ, ರಾತ್ರಿಗೆ ಕೆಲಸ ಮಾಡುವ ಜೀವಕೋಶ ಅಂತ ಎರಡು ಥರ ಇವೆ. ಬೆಳಕು ಬಂದಾಗ ಇವು ನಿಜವಾಗಿಯೂ ಜಾಗ ಬದಲಿಸುತ್ತವೆ, ಒಂದು ಮುಂದೆ ಬರುತ್ತದೆ, ಇನ್ನೊಂದು ಕಪ್ಪು ಬಣ್ಣದ ಪದರದೊಳಗೆ ಅಡಗುತ್ತದೆ. ಈ ಓಡಾಟ ಮುಗಿಯಲು ಅರ್ಧ ಗಂಟೆ, ಕೆಲವು ಮೀನಿಗೆ ಒಂದು ಗಂಟೆಯೂ ಬೇಕು. ಅಷ್ಟು ಹೊತ್ತು ನಿಮ್ಮ ಮೀನಿಗೆ ಸರಿಯಾಗಿ ಕಾಣುವುದೇ ಇಲ್ಲ. ಅದಕ್ಕೇ ಗಾಜಿಗೆ ಬಡಿದುಕೊಳ್ಳುವುದು.

ಹಾಗಾಗಿ ಬೆಳಕು ಏರಲು ಕನಿಷ್ಠ 30 ನಿಮಿಷ ಕೊಡಿ. 5 ನಿಮಿಷದ ಸೂರ್ಯೋದಯ ನಮ್ಮ ಕಣ್ಣಿಗೆ ಚೆಂದ ಅಷ್ಟೇ, ಅವುಗಳ ಕಣ್ಣಿಗೆ ಸಾಲದು.

ಗಿಡಗಂಟಿ, ಮೈಸೂರು

ಮೇಡಂ, ನನ್ನ ಪ್ಲೆಕೊ ಮೀನಿನ ಕಣ್ಣಲ್ಲಿ ಹಗಲು ಒಂದು ಮುಚ್ಚಳದಂಥದ್ದು ಮೇಲಿನಿಂದ ಇಳಿದಿರುತ್ತದೆ. ರಾತ್ರಿ ಪೂರ್ತಿ ದುಂಡಗೆ ಕಾಣುತ್ತದೆ. ಅದೇನು?

ಜೀಬ್ರಾಪಟ್ಟೆ

ಚೆನ್ನಾಗಿ ಗಮನಿಸಿದ್ದೀರಿ! ಪ್ಲೆಕೊ ಜಾತಿ ಇದಕ್ಕೆ ಹೊರತು. ಬೆಳಕು ಜಾಸ್ತಿಯಾದಾಗ ಆ ತುಂಡು ಹಿಗ್ಗಿ ಪಾಪೆಯನ್ನು ಮರೆ ಮಾಡುತ್ತದೆ. ಮಿಸ್ ಕೇರಳಕ್ಕೆ ಆ ಸೌಲಭ್ಯ ಇಲ್ಲ.

ಸೋಲ್ಡರ್‌ಕಡ್ಡಿ, ಬೆಂಗಳೂರು

ಈಗ ನನ್ನ ವಿಷಯಕ್ಕೆ ಬರುತ್ತೇನೆ. ಹೊಳೆಸಾಲು ಸರ್, 12 ವೋಲ್ಟ್ ಸ್ಟ್ರಿಪ್ ಇರುವುದು ನಿಮ್ಮ ಅದೃಷ್ಟ. ಒಳಗೇ ಡ್ರೈವರ್ (ಎಲ್‌ಇಡಿಗೆ ಕರೆಂಟ್ ಹೊಂದಿಸಿ ಕೊಡುವ ಸರ್ಕ್ಯೂಟ್) ಇರುವ, ನೇರ 230 ವೋಲ್ಟ್‌ಗೆ ಸಿಕ್ಕಿಸುವ ಲೈಟ್ ಆಗಿದ್ದರೆ ಕಷ್ಟವಿತ್ತು.

ಬೇಕಾದ ಸಾಮಾನು: ಒಂದು ಇಎಸ್‌ಪಿ32 ಬೋರ್ಡ್ (ಪ್ರೋಗ್ರಾಂ ಹಾಕಬಹುದಾದ ಪುಟ್ಟ ಕಂಪ್ಯೂಟರ್), ಒಂದು ಡಿಎಸ್3231 ಗಡಿಯಾರದ ಮಾಡ್ಯೂಲ್, ಒಂದು ಮಾಸ್‌ಫೆಟ್ ಮಾಡ್ಯೂಲ್ (ಬೋರ್ಡ್ ಹೇಳಿದಂತೆ ಸ್ಟ್ರಿಪ್ಪನ್ನು ಆರಿಸಿ ಹತ್ತಿಸುವ ಎಲೆಕ್ಟ್ರಾನಿಕ್ ಸ್ವಿಚ್), ಬೋರ್ಡ್‌ಗೆ 12ರಿಂದ 5 ವೋಲ್ಟ್ ಇಳಿಸುವ ಚಿಕ್ಕ ಕನ್ವರ್ಟರ್. ಎಲ್ಲ ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ಒಂದೇ ಅಂಗಡಿಯಲ್ಲಿ ಸಿಗುತ್ತದೆ, ಆನ್‌ಲೈನ್‌ನಲ್ಲೂ ಇದೆ. ಬೋರ್ಡ್ ಲೈಟನ್ನು ಒಂದು ಸೆಕೆಂಡಿಗೆ ಸಾವಿರ ಸಲ ಆರಿಸಿ ಹತ್ತಿಸುತ್ತದೆ. ಹತ್ತಿರುವ ಹೊತ್ತು ಜಾಸ್ತಿ ಮಾಡಿದಷ್ಟೂ ಬೆಳಕು ಜಾಸ್ತಿ. ಇದೇ ಪಿಡಬ್ಲ್ಯೂಎಂ.

ಮಾಸ್‌ಫೆಟ್ ವಿಷಯದಲ್ಲಿ ಎಚ್ಚರ. ಅಂಗಡಿಯವರು ಐಆರ್‌ಎಫ್540 ಅಥವಾ ಐಆರ್‌ಎಫ್520 ಕೊಡುತ್ತಾರೆ. ಅದರ ಗೇಟ್ (ಬೋರ್ಡ್‌ನಿಂದ ಸಂಕೇತ ಪಡೆಯುವ ಕಾಲು) ಪೂರ್ತಿ ತೆರೆಯಲು 10 ವೋಲ್ಟ್ ಬೇಕು. ಇಎಸ್‌ಪಿ32 ಕೊಡುವುದು 3.3. ಅರ್ಧಂಬರ್ಧ ತೆರೆದು ಕಾದು ಕೆಂಡವಾಗುತ್ತದೆ. 3.3 ವೋಲ್ಟ್‌ಗೇ ಕೆಲಸ ಮಾಡುವ ಮಾಡ್ಯೂಲ್ ಅಂತ ಕೇಳಿ ತನ್ನಿ. ಇನ್ನೊಂದು, ಗೇಟ್‌ನಿಂದ ಗ್ರೌಂಡ್‌ಗೆ 10 ಕಿಲೋಓಮ್ ರೆಸಿಸ್ಟರ್ ಇರಲೇಬೇಕು. ಇಲ್ಲದಿದ್ದರೆ ಬೋರ್ಡ್ ಆನ್ ಆಗುವ ಕ್ಷಣದಲ್ಲಿ ಲೈಟ್ ಫಳ್ ಅಂತ ಮಿಂಚಿ ಆರುತ್ತದೆ. ಅದನ್ನು ತಪ್ಪಿಸಲು ತಾನೇ ಇಷ್ಟೆಲ್ಲ ಮಾಡುತ್ತಿರುವುದು.

ಹೊಳೆಸಾಲು, ಶಿವಮೊಗ್ಗ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮುಚ್ಚಳಕ್ಕೆ ಗಾಜು ಕತ್ತರಿಸಲು ಕೊಟ್ಟು ಬಂದೆ. ಸೋಲ್ಡರ್‌ಕಡ್ಡಿ ಅವರೇ, ವೈರಿಂಗ್ ಮಾಡುತ್ತೇನೆ, ಆದರೆ ಪ್ರೋಗ್ರಾಂ ಬರೆಯಲು ಬರುವುದಿಲ್ಲ. ಬೇರೆ ದಾರಿ ಇದೆಯಾ?

ತೆಂಗಿನಗರಿ, ಉಡುಪಿ

ಇದೆ. ಟಿಸಿ420 ಅಂತ ರೆಡಿಮೇಡ್ ಕಂಟ್ರೋಲರ್ ಸಿಗುತ್ತದೆ. ಐದು ಚಾನೆಲ್, ಒಂದೊಂದಕ್ಕೆ 4 ಆಂಪಿಯರ್. ಕಂಪ್ಯೂಟರ್‌ಗೆ ಯುಎಸ್‌ಬಿ ಹಾಕಿ ಎಷ್ಟು ಗಂಟೆಗೆ ಎಷ್ಟು ಬೆಳಕು ಅಂತ ಗೆರೆ ಎಳೆದರೆ ಮುಗಿಯಿತು. ನಿಮ್ಮ ಮೂರು ಸಾಲಿಗೆ ಮೂರು ಚಾನೆಲ್. ದುಡ್ಡಿದ್ದರೆ ಫ್ಲೂವಲ್ ಪ್ಲಾಂಟ್ 3.0 ಥರದ ಲೈಟ್‌ಗಳಲ್ಲಿ ಈ ಸೌಲಭ್ಯ ಒಳಗೇ ಇರುತ್ತದೆ, ಮೊಬೈಲ್‌ನಲ್ಲೇ ಹೊಂದಿಸಬಹುದು. ಆದರೆ 4 ಅಡಿಗೆ ಅದು ದುಬಾರಿ.

ಅಡಾಪ್ಟರ್ ಎಷ್ಟರದ್ದು? ಮೀಟರಿಗೆ 14.4 ವ್ಯಾಟ್‌ನ ಸ್ಟ್ರಿಪ್ ಆದರೆ ಮೂರು ಸಾಲಿಗೆ 52 ವ್ಯಾಟ್ ಹತ್ತಿರ, ಅಂದರೆ 4.3 ಆಂಪಿಯರ್. 5 ಆಂಪಿಯರ್ ಅಡಾಪ್ಟರ್ ಇದ್ದರೆ ಅದು ದಿನವಿಡೀ ಏದುಸಿರು ಬಿಡುತ್ತಿರುತ್ತದೆ. 8 ಆಂಪಿಯರ್‌ನದ್ದು ಹಾಕಿ.

ಮುಂಜಾವು

ಬಣ್ಣದ ಬಗ್ಗೆ ಯಾರೂ ಮಾತಾಡಲಿಲ್ಲ. ಸೂರ್ಯೋದಯ ಅಂದರೆ ಕಿತ್ತಳೆ ಬಣ್ಣ ಬೇಕು. ನಾನು ಒಂದು ಸಾಲು ಕೆಂಪು, ಒಂದು ಸಾಲು ಹಳದಿ ಬಿಳಿ ಹಾಕಿದ್ದೇನೆ. ಮೊದಲು ಕೆಂಪು ಏರುತ್ತದೆ. ನೋಡಲು ಅದ್ಭುತ.

ಜೀಬ್ರಾಪಟ್ಟೆ

ನೋಡಲು ಚೆಂದ, ಒಪ್ಪಿದೆ. ಆದರೆ ನಿಜವಾದ ಬೆಳಗು ಹಾಗಿಲ್ಲ. ಸೂರ್ಯ ಇನ್ನೂ ಹುಟ್ಟದೆ ನಸುಕಾಗಿರುವಾಗ ಹೊರಗೆ ಬಂದು ನೆತ್ತಿಯ ಮೇಲಿನ ಆಕಾಶ ನೋಡಿ, ಗಾಢ ನೀಲಿ ಇರುತ್ತದೆ. ಕಿತ್ತಳೆ ಇರುವುದು ಪೂರ್ವದ ಅಂಚಿನಲ್ಲಿ ಮಾತ್ರ. ಹೊಳೆಯೊಳಗಿನ ಮೀನಿಗೆ ಬೆಳಕು ಹೆಚ್ಚಾಗಿ ಮೇಲಿನಿಂದ ಇಳಿಯುತ್ತದೆ. ಹಾಗಾಗಿ ಮೊದಲು ಅದಕ್ಕೆ ಬರುವುದು ನೀಲಿ.

ಮುಂಜಾವು

ಹಾಗಾದರೆ ಎಲ್ಲ ಕಂಪನಿಯವರೂ ಕೆಂಪು ಯಾಕೆ ಕೊಡುತ್ತಾರೆ?

ಗಿಡಗಂಟಿ, ಮೈಸೂರು

ಕೊಳ್ಳುವವರು ನಾವು, ಮೀನಲ್ಲ. ಕೆಂಪು ಬೆಳಕು ಗಿಡಗಳಿಗೂ ಬೇಕು, ಅದು ಬೇರೆ ಮಾತು. ನನ್ನ ಅನಿಸಿಕೆ ಕೇಳಿದರೆ, ಇರುವ ಬಿಳಿ ಸ್ಟ್ರಿಪ್ಪನ್ನೇ ನಿಧಾನವಾಗಿ ಏರಿಸಿ ಸಾಕು. ಮೀನಿಗೆ ಮುಖ್ಯ ಬೆಳಕು ಏರುವ ವೇಗ. ಬಣ್ಣ ಆಮೇಲೆ.

ಮುಂಜಾವು

ಸಂಜೆ ಆಫೀಸಿನಿಂದ ಬಂದು ಕಿತ್ತಳೆ ಬೆಳಕಲ್ಲಿ ಟ್ಯಾಂಕ್ ಮುಂದೆ ಕೂತರೆ ನನಗೆ ದಿನದ ಆಯಾಸವೆಲ್ಲ ಇಳಿಯುತ್ತದೆ. ಅದಕ್ಕೂ ಬೆಲೆ ಇದೆ ಅಲ್ವಾ?

ಜೀಬ್ರಾಪಟ್ಟೆ

ಖಂಡಿತ ಇದೆ. ಮೀನಿಗೆ ಅದರಿಂದ ತೊಂದರೆಯೂ ಇಲ್ಲ. ನಾನು ಹೇಳಿದ್ದು ಹೊಳೆಯಲ್ಲಿ ಹೇಗಿರುತ್ತದೆ ಅಂತ ಮಾತ್ರ.

ಹಗಲುಗಳ್ಳ, ಹುಬ್ಬಳ್ಳಿ

ಒಂದು ವಿಷಯ ಯಾರೂ ಹೇಳಿಲ್ಲ, ನಾನು ಅದರಲ್ಲೇ ಎಡವಿದ್ದು. ಆರ್ಡ್ಯುನೊ ಉನೊದಲ್ಲಿ (ಇದೂ ಇಎಸ್‌ಪಿ32 ಥರದ ಬೋರ್ಡ್) ಪ್ರೋಗ್ರಾಂ ಮಾಡಿ 30 ನಿಮಿಷದಲ್ಲಿ ಬೆಳಕನ್ನು 0ಯಿಂದ 255ಕ್ಕೆ (255 ಅಂದರೆ ಪೂರ್ತಿ) ಒಂದೇ ಸಮ ಏರಿಸಿದೆ. ನೋಡಿದರೆ ಮೊದಲ ಎರಡು ನಿಮಿಷದಲ್ಲೇ ಟ್ಯಾಂಕ್ ಝಗಮಗ. ಉಳಿದ 28 ನಿಮಿಷ ಏನೂ ಬದಲಾದ ಹಾಗೇ ಕಾಣಲಿಲ್ಲ.

ಕಾರಣ ಕಣ್ಣು. ಕತ್ತಲಲ್ಲಿ ಸ್ವಲ್ಪ ಬೆಳಕು ಬಂದರೂ ಕಣ್ಣಿಗೆ ತುಂಬಾ ಅನಿಸುತ್ತದೆ. ಅದಕ್ಕೆ ಶುರುವಿನಲ್ಲಿ ತೀರಾ ನಿಧಾನ, ಕೊನೆಯಲ್ಲಿ ಬೇಗ ಏರಿಸಬೇಕು. ಕಳೆದ ಸಮಯದ ಪಾಲನ್ನು 2.2ರ ಘಾತಕ್ಕೆ ಏರಿಸಿ. ಅರ್ಧ ಸಮಯ ಕಳೆದಾಗ ಲೈಟ್ ಶೇ. 50 ಅಲ್ಲ, ಶೇ. 22 ಇರಬೇಕು.

ಇನ್ನೂ ಒಂದು ತೊಡಕು. ಉನೊದಲ್ಲಿ ಇರುವುದು 256 ಮೆಟ್ಟಿಲು. 1ರಿಂದ 2ಕ್ಕೆ ಹೋದರೆ ಬೆಳಕು ದುಪ್ಪಟ್ಟು! ಕತ್ತಲಲ್ಲಿ ಕೂತು ನೋಡಿದರೆ ಪ್ರತಿ ಮೆಟ್ಟಿಲೂ ಟಕ್ ಟಕ್ ಅಂತ ಕಾಣುತ್ತದೆ. ಇಎಸ್‌ಪಿ32ರಲ್ಲಿ 12 ಬಿಟ್ ಇಟ್ಟರೆ 4096 ಮೆಟ್ಟಿಲು. ಆಗ ನುಣ್ಣಗೆ ಏರುತ್ತದೆ.

ಸೋಲ್ಡರ್‌ಕಡ್ಡಿ, ಬೆಂಗಳೂರು

ಇದು ಬಂಗಾರದಂಥ ಮಾತು. ಉನೊ ಇರುವವರು ಬಿಸಾಡಬೇಡಿ, ಅದರ 9 ಮತ್ತು 10ನೇ ಪಿನ್‌ನಲ್ಲಿ 16 ಬಿಟ್ ಟೈಮರ್ ಇದೆ, ಸ್ವಲ್ಪ ಕಷ್ಟಪಟ್ಟರೆ ಅದೂ ಆಗುತ್ತದೆ.

ಮಲೆಮಳೆ, ಸಕಲೇಶಪುರ

ನಿಮ್ಮೆಲ್ಲರ ಲೆಕ್ಕದಲ್ಲಿ ಕರೆಂಟ್ ಯಾವಾಗಲೂ ಇರುತ್ತದೆ. ನಮ್ಮ ಕಡೆ ಮಳೆಗಾಲದಲ್ಲಿ ಮರ ಬಿದ್ದರೆ ಎರಡು ದಿನ ಕರೆಂಟ್ ಇಲ್ಲ. ನನ್ನ ಅನುಭವ ಕೇಳಿ.

ನನ್ನ ಮೊದಲ ಪ್ರೋಗ್ರಾಂ ಹೇಗಿತ್ತೆಂದರೆ, ಆನ್ ಆದ ಕೂಡಲೇ ಸೂರ್ಯೋದಯ ಶುರು, 30 ನಿಮಿಷ ಏರು, 9 ಗಂಟೆ ನಿಲ್ಲು, 30 ನಿಮಿಷ ಇಳಿ. ಒಂದು ರಾತ್ರಿ 2ಕ್ಕೆ ಕರೆಂಟ್ ಬಂತು. ಟ್ಯಾಂಕ್‌ನಲ್ಲಿ 2ಕ್ಕೇ ಬೆಳಗಾಯಿತು. ಮಧ್ಯಾಹ್ನ 12ಕ್ಕೆ ಕತ್ತಲು. ಮರುದಿನ ಇನ್ನೊಂದು ಹೊತ್ತು. ಒಂದು ವಾರದಲ್ಲಿ ನನ್ನ ಏಂಜಲ್ ಮೀನಿನ ಜೋಡಿ ಮೊಟ್ಟೆಯನ್ನೆಲ್ಲ ತಿಂದುಹಾಕಿತು. ಬೆಳಕಿನ ಗೊಂದಲದಿಂದಲೇ ಅಂತ ನಾನು ಇವತ್ತಿಗೂ ನಂಬಿದ್ದೇನೆ.

ಹಳೇ ಚಕ್ರದ ಟೈಮರೂ ಅಷ್ಟೇ. ಮೂರು ಗಂಟೆ ಕರೆಂಟ್ ಹೋದರೆ ಅದು ಮೂರು ಗಂಟೆ ಹಿಂದೆ ಬೀಳುತ್ತದೆ.

ಈಗಿನ ಪ್ರೋಗ್ರಾಂ ಏನನ್ನೂ ಎಣಿಸುವುದಿಲ್ಲ. ಪ್ರತಿ ಸೆಕೆಂಡಿಗೆ ಗಡಿಯಾರ ನೋಡುತ್ತದೆ, ಈ ಹೊತ್ತಿಗೆ ಎಷ್ಟು ಬೆಳಕಿರಬೇಕು ಅಂತ ಲೆಕ್ಕ ಹಾಕುತ್ತದೆ, ಅಷ್ಟು ಕೊಡುತ್ತದೆ. ರಾತ್ರಿ 2ಕ್ಕೆ ಕರೆಂಟ್ ಬಂದರೆ ಲೆಕ್ಕ ಸೊನ್ನೆ, ಲೈಟ್ ಹತ್ತುವುದೇ ಇಲ್ಲ. ಮಧ್ಯಾಹ್ನ 1ಕ್ಕೆ ಬಂದರೆ? ಲೆಕ್ಕ ಶೇ. 100 ಅನ್ನುತ್ತದೆ, ಆದರೆ ಒಮ್ಮೆಲೇ ಕೊಡಬಾರದು. ಈಗಿರುವ ಬೆಳಕಿನಿಂದ ಬೇಕಾದ ಬೆಳಕಿಗೆ ನಿಮಿಷಕ್ಕೆ ಶೇ. 5ಕ್ಕಿಂತ ಜಾಸ್ತಿ ಏರಬಾರದು ಅಂತ ಒಂದು ಸಾಲು ಸೇರಿಸಿ. ನನ್ನ ಪ್ರಕಾರ ಇಡೀ ಯೋಜನೆಯ ಜೀವ ಇರುವುದು ಈ ಎರಡು ಸಾಲಿನಲ್ಲಿ.

ತೆಂಗಿನಗರಿ, ಉಡುಪಿ

ಇಎಸ್‌ಪಿ32 ವೈಫೈಯಿಂದಲೇ ಸಮಯ ತಗೊಳ್ಳುತ್ತದಲ್ಲ, ಬೇರೆ ಗಡಿಯಾರ ಯಾಕೆ?

ಮಲೆಮಳೆ, ಸಕಲೇಶಪುರ

ಕರೆಂಟ್ ಬಂದರೂ ಎಷ್ಟೋ ಸಲ ಇಂಟರ್ನೆಟ್ ಬರುವುದಿಲ್ಲ ಸರ್. ಡಿಎಸ್3231ರಲ್ಲಿ ಒಂದು ನಾಣ್ಯದಂಥ ಬ್ಯಾಟರಿ ಇದೆ, ವರ್ಷಗಟ್ಟಲೆ ಸಮಯ ಹಿಡಿದಿಡುತ್ತದೆ. ವರ್ಷಕ್ಕೆ ಒಂದೆರಡು ನಿಮಿಷಕ್ಕಿಂತ ಜಾಸ್ತಿ ತಪ್ಪುವುದಿಲ್ಲ. ಹಳೇ ಡಿಎಸ್1307 ಮಾತ್ರ ಬೇಡ, ಅದು ಚಳಿ, ಸೆಕೆಗೆ ಹಿಂದೆ ಮುಂದೆ ಹೋಗುತ್ತದೆ.

ಗಿಡಗಂಟಿ, ಮೈಸೂರು

ಹೊಳೆಸಾಲು ಅವರೇ, ಬೆಳಗ್ಗೆ 7ರಿಂದ ಸಂಜೆ 6, ಅಂದರೆ 11 ಗಂಟೆ ಲೈಟ್. ಪಾಚಿ ಬರುತ್ತಿಲ್ಲವಾ?

ಹೊಳೆಸಾಲು, ಶಿವಮೊಗ್ಗ

ತುಂಬಾ ಬರುತ್ತದೆ. ವಾರಕ್ಕೊಮ್ಮೆ ಗಾಜು ಉಜ್ಜುತ್ತೇನೆ.

ಗಿಡಗಂಟಿ, ಮೈಸೂರು

ಅಲ್ಲೇ ಇದೆ ಕಾರಣ. ಪೂರ್ತಿ ಬೆಳಕು 6ರಿಂದ 8 ಗಂಟೆ ಸಾಕು. ಏರುವ ಇಳಿಯುವ ಹೊತ್ತು ಗಿಡಕ್ಕೆ ಅರೆಹೊಟ್ಟೆ ಊಟ ಇದ್ದ ಹಾಗೆ. ನನ್ನದು ಬೆಳಗ್ಗೆ 10ಕ್ಕೆ ಏರಲು ಶುರು, 11ರಿಂದ 6 ಪೂರ್ತಿ, 7ಕ್ಕೆ ಕತ್ತಲು. ಗಿಡಗಳಿಗೆ ಕಾರ್ಬನ್ ಡೈಆಕ್ಸೈಡ್ ಕೊಡುವವರು ಪೂರ್ತಿ ಬೆಳಕಿಗೆ ಒಂದು ಗಂಟೆ ಮೊದಲೇ ಅನಿಲ ಶುರು ಮಾಡಿ.

ಮುಂಜಾವು

ಹಗಲು 8 ಗಂಟೆ ಸಾಕು ಅಂದರೆ ಮತ್ತೆ ಪ್ರಕೃತಿಯ ಹಾಗೆ ಎಲ್ಲಿ ಉಳಿಯಿತು? ಬೆಂಗಳೂರಲ್ಲೇ ಡಿಸೆಂಬರ್‌ನಲ್ಲಿ ಹಗಲು 11 ಗಂಟೆ 20 ನಿಮಿಷ, ಜೂನ್‌ನಲ್ಲಿ 12 ಗಂಟೆ 50 ನಿಮಿಷ ಹತ್ತಿರ.

ಗಿಡಗಂಟಿ, ಮೈಸೂರು

ಹೊಳೆಯಲ್ಲಿ ಮರದ ನೆರಳಿದೆ, ಹರಿವ ನೀರಿದೆ. 200 ಲೀಟರ್ ನಿಂತ ನೀರಿನಲ್ಲಿ 13 ಗಂಟೆ ಸುಡುಬೆಳಕು ಕೊಟ್ಟರೆ ಅದು ಪ್ರಕೃತಿ ಅಲ್ಲ, ಪಾಚಿ ಬೇಸಾಯ. ಬೇಕಾದರೆ ಆಚೆ ಈಚೆ ಎರಡೆರಡು ಗಂಟೆ ಶೇ. 5 ಬೆಳಕು ಇಡಿ. ಮೀನಿಗೆ ಹಗಲೂ ಆಯಿತು, ಪಾಚಿಗೆ ಊಟವೂ ಇಲ್ಲ.

ಉತ್ತರಚಳಿ, ಹೆಲ್ಸಿಂಕಿ

ದಾವಣಗೆರೆಯವಳು, ಈಗ ಫಿನ್ಲೆಂಡ್‌ನಲ್ಲಿದ್ದೇನೆ. ಇಲ್ಲಿ ಡಿಸೆಂಬರ್ ಕೊನೆಗೆ ಹಗಲು 6 ಗಂಟೆಯೂ ಇಲ್ಲ, ಜೂನ್‌ನಲ್ಲಿ ರಾತ್ರಿಯೇ ಪೂರ್ತಿ ಆಗುವುದಿಲ್ಲ. ಹಾಗಾಗಿ ನನ್ನ ಟ್ಯಾಂಕ್‌ಗೆ ಬೇಸಿಗೆಯಲ್ಲಿ ದಪ್ಪ ಪರದೆ, ಚಳಿಗಾಲದಲ್ಲಿ ಲೈಟ್. ಸಮಯ ದಾವಣಗೆರೆಯದ್ದೇ ಇಟ್ಟಿದ್ದೇನೆ, ಅಕ್ಷಾಂಶ ಹಾಕಿ ಸೂರ್ಯೋದಯ ಲೆಕ್ಕ ಮಾಡಿಸಿದ್ದೇನೆ. ಹೊರಗೆ ಮಧ್ಯಾಹ್ನ 3:30ಕ್ಕೆ ಕತ್ತಲಾದರೂ ನನ್ನ ಮನೆಯ ಒಂದು ಮೂಲೆಯಲ್ಲಿ ಊರಿನ ಸಂಜೆ ಇಳಿಯುತ್ತದೆ. ಅಮ್ಮ ವಿಡಿಯೋ ಕಾಲ್‌ನಲ್ಲಿ ಮೊದಲು ಕೇಳುವುದೇ ಟ್ಯಾಂಕ್ ತೋರಿಸು ಅಂತ.

ಕೆರೆಏರಿ, ತುಮಕೂರು

ಓದಿ ಖುಷಿಯಾಯಿತಮ್ಮ.

ಪುಟ್ಟಕೊಳ

ನನಗೊಂದು ಭಯ. ಬೆಳಗ್ಗೆ ಲೈಟ್ ಹಾಕುವ ಮುಂಚೆ ನೋಡಿದರೆ ನಿಯಾನ್ ಟೆಟ್ರಾಗಳು ಬಿಳುಚಿಕೊಂಡಿರುತ್ತವೆ. ಕೆಂಪೂ ಇಲ್ಲ, ನೀಲಿಯೂ ಇಲ್ಲ. ರೋಗವಾ?

ಜೀಬ್ರಾಪಟ್ಟೆ

ಅಲ್ಲ, ಭಯ ಬೇಡ. ರಾತ್ರಿ ಅವು ಬಣ್ಣ ಇಳಿಸಿಕೊಳ್ಳುತ್ತವೆ. ಬೆಳಕು ಏರುತ್ತಾ ಬಂದ ಹಾಗೆ ಬಣ್ಣವೂ ಮರಳುತ್ತದೆ. ಹಗಲೂ ಒಂದು ಜಾಗದಲ್ಲಿ ಬಿಳಿ ಮಚ್ಚೆ ಉಳಿದರೆ ಮಾತ್ರ ಯೋಚನೆ ಮಾಡಿ.

ಮುಂಜಾವು

ರಾತ್ರಿಯಿಡೀ ನೀಲಿ ಮೂನ್‌ಲೈಟ್ (ಮಂದ ರಾತ್ರಿ ದೀಪ) ಹಾಕಿದರೆ ಹೇಗೆ? ಗಾಬರಿ ಆಗುವುದಿಲ್ಲ, ನೋಡಲೂ ಚೆಂದ.

ಜೀಬ್ರಾಪಟ್ಟೆ

ಇದಕ್ಕೆ ಮಾತ್ರ ನಾನು ಗಟ್ಟಿಯಾಗಿ ಬೇಡ ಅನ್ನುತ್ತೇನೆ. ಮೀನಿಗೂ ನಿದ್ದೆ ಇದೆ. ಕತ್ತಲಾದಾಗ ಮೆಲಟೋನಿನ್ (ನಿದ್ದೆಯ ಹಾರ್ಮೋನ್) ಏರಬೇಕು. ಬರ್ಲಿನ್‌ನಲ್ಲಿ ಪರ್ಚ್ ಮೀನಿನ ಮೇಲೆ ನಡೆದ ಪ್ರಯೋಗದಲ್ಲಿ ರಾತ್ರಿ ಬರೀ 1 ಲಕ್ಸ್ (ಬೆಳಕಿನ ಅಳತೆ) ಬೆಳಕಿದ್ದರೂ ಮೆಲಟೋನಿನ್ ಕುಸಿಯಿತು. ಹುಣ್ಣಿಮೆ ಚಂದ್ರನ ಬೆಳಕೇ 0.3 ಲಕ್ಸ್ ದಾಟುವುದು ಕಷ್ಟ. ಅಂಗಡಿಯ ಮೂನ್‌ಲೈಟ್ ಅದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ಸಂಜೆ ಒಂದು ಗಂಟೆ ಹಾಕಿ, ನೋಡಿ, ಆಮೇಲೆ ಆರಿಸಿ. ನಮ್ಮ ಲ್ಯಾಬ್‌ನಲ್ಲಿ 14 ಗಂಟೆ ಬೆಳಕು, 10 ಗಂಟೆ ಕಗ್ಗತ್ತಲು. ಬಾಗಿಲ ಸಂದಿಯಿಂದ ಬರುವ ಬೆಳಕನ್ನೂ ಮುಚ್ಚುತ್ತೇವೆ.

ಬಾಳೆಮೀನು

ಜೀಬ್ರಾ ಮೀನು ಬೆಳಗ್ಗೆಯೇ ಮೊಟ್ಟೆ ಇಡುವುದು ನಿಜವಾ?

ಜೀಬ್ರಾಪಟ್ಟೆ

ನಿಜ. ರಾತ್ರಿ ಗಂಡು ಹೆಣ್ಣಿನ ನಡುವೆ ಅಡ್ಡಗಾಜು ಇಡಿ. ಬೆಳಗಾದ ಕೂಡಲೇ ತೆಗೆಯಿರಿ. ಸ್ವಲ್ಪ ಹೊತ್ತಿನಲ್ಲೇ ಇಡುತ್ತವೆ. ತಳದಲ್ಲಿ ಜಾಲರಿ ಅಥವಾ ಗೋಲಿ ಹರಡಿರಬೇಕು, ಇಲ್ಲದಿದ್ದರೆ ತಾವೇ ತಿನ್ನುತ್ತವೆ.

ಮಲೆಮಳೆ, ಸಕಲೇಶಪುರ

ವಿಷಯ ಬೇರೆ, ಆದರೂ ಹೇಳುತ್ತೇನೆ. ಹೊಳೆಸಾಲು ಅವರೇ, ಮತ್ತೆ ಮಿಸ್ ಕೇರಳ ತರುವುದಾದರೆ ಫಾರಂನಲ್ಲಿ ಮರಿ ಮಾಡಿದ್ದನ್ನೇ ಕೇಳಿ ತನ್ನಿ. ಅದು ನಮ್ಮ ಪಶ್ಚಿಮ ಘಟ್ಟದ ಮೀನು, ಬೇರೆಲ್ಲೂ ಇಲ್ಲ. ಅಳಿವಿನ ಭೀತಿಯ ಜೀವಿಗಳ ಐಯುಸಿಎನ್ ಕೆಂಪು ಪಟ್ಟಿಯಲ್ಲಿ ಅಪಾಯದ ಅಂಚಿಗೆ ಸೇರಿದೆ. ಅಕ್ವೇರಿಯಂಗೆ ಅಂತ ಹೊಳೆಯಿಂದ ಹಿಡಿದು ಹಿಡಿದು ಹೀಗಾದದ್ದೇ ಹೆಚ್ಚು.

ಹೊಳೆಸಾಲು, ಶಿವಮೊಗ್ಗ

ಹೊಳೆಯದ್ದನ್ನು ಖಂಡಿತ ತರುವುದಿಲ್ಲ. ಸದ್ಯ ಆರಕ್ಕೆ ಆರು ಚೆನ್ನಾಗಿರಲಿ.

ಕೆರೆಏರಿ, ತುಮಕೂರು

ವೈರಿಂಗ್ ಮಾಡುವ ಮೊದಲು: ಅಡಾಪ್ಟರ್ ಟ್ಯಾಂಕ್‌ಗಿಂತ ಕೆಳಗೆ ಇದ್ದರೆ ವೈರ್ ಪ್ಲಗ್‌ಗಿಂತ ಕೆಳಗೆ ಜೋತು ಬೀಳುವಂತೆ ಬಿಡಿ. ಹನಿ ಜಾರಿದರೂ ಅಲ್ಲೇ ನೆಲಕ್ಕೆ ಬೀಳುತ್ತದೆ, ಪ್ಲಗ್‌ಗೆ ಹೋಗುವುದಿಲ್ಲ. ಬೋರ್ಡನ್ನು ಮುಚ್ಚಳದೊಳಗೆ ಇಡಬೇಡಿ, ಹಬೆಗೆ ಆರು ತಿಂಗಳಲ್ಲಿ ತುಕ್ಕು. ಮನೆಗೆ 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಕ್ಷಣ ಆರಿಸುವ ಸ್ವಿಚ್) ಇಲ್ಲದಿದ್ದರೆ ಅದನ್ನು ಮೊದಲು ಹಾಕಿಸಿ. ಹೀಟರ್ ಇರುವ ನೀರಿಗೆ ನಾವು ದಿನಾ ಕೈ ಹಾಕುತ್ತೇವೆ.

ಹೊಳೆಸಾಲು, ಶಿವಮೊಗ್ಗ (ಮೂರು ವಾರದ ನಂತರ)

ಎಲ್ಲರಿಗೂ ಸುದ್ದಿ ಹೇಳಬೇಕಿತ್ತು. ಟಿಸಿ420 ಬದಲು ಕೊನೆಗೆ ಇಎಸ್‌ಪಿ32 ಹಾಕಿದೆ. ಸೋಲ್ಡರ್‌ಕಡ್ಡಿ ಅವರು ಎರಡು ರಾತ್ರಿ ಫೋನ್‌ನಲ್ಲಿ ಕೂತು ಪ್ರೋಗ್ರಾಂ ಮಾಡಿಸಿದರು. ಅವರ ಋಣ ನನ್ನ ಮೇಲಿದೆ. ಈಗ 9:30ಕ್ಕೆ ಏರಲು ಶುರು, 45 ನಿಮಿಷ. ಮಲೆಮಳೆಯವರ ಎರಡು ಸಾಲೂ ಇದೆ.

ಮೊದಲ ದಿನ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡಿದೆ. ಮೊದಲ ಹತ್ತು ನಿಮಿಷ ಮೀನು ಕದಲಲೇ ಇಲ್ಲ, ಕಟ್ಟಿಗೆಯ ಕೆಳಗೆ ಸುಮ್ನೆ ನಿಂತಿದ್ದವು. ಆಮೇಲೆ ಒಂದು ಮೆಲ್ಲಗೆ ಮುಂದೆ ಬಂತು. ಹಿಂದೆಯೇ ಇನ್ನೆರಡು. 20 ನಿಮಿಷಕ್ಕೆ ಆರೂ ಸಾಲಾಗಿ ಈಜುತ್ತಿದ್ದವು. ಪಕ್ಕದ ಕೆಂಪು ಗೆರೆ ಗಾಢವಾಗುತ್ತಾ ಹೋದದ್ದು ಕಣ್ಣಿಗೇ ಕಾಣುತ್ತಿತ್ತು. "ಈಗ ಎದ್ದವಾ ಅಪ್ಪಾ?" ಅಂತ ಮಗಳು ಕೇಳಿದಳು.

ಸಂಜೆ ಬೆಳಕು ಇಳಿಯುವಾಗ ಇನ್ನೊಂದು ಅಚ್ಚರಿ. ಎರಡು ವರ್ಷದಿಂದ ಸರಿಯಾಗಿ ಕಣ್ಣಿಗೇ ಬೀಳದ ಕೂಲಿ ಲೋಚ್ ಮೀನುಗಳು ಕಲ್ಲಿನ ಸಂದಿಯಿಂದ ಹೊರಬರುತ್ತಿವೆ. ನಾಲ್ಕು ಇದ್ದಾವೆ ಅಂತ ಈಗ ಗೊತ್ತಾಯಿತು, ಎರಡೇ ಉಳಿದಿವೆ ಅಂದುಕೊಂಡಿದ್ದೆ. ಅವಕ್ಕೆ ಆ ಹೊತ್ತಿಗೇ ಊಟ ಹಾಕುತ್ತಿದ್ದೇನೆ.

ಮೊನ್ನೆ ರಾತ್ರಿ ಗಾಳಿ ಮಳೆಗೆ ಕರೆಂಟ್ ಹೋಗಿ 2:20ಕ್ಕೆ ಬಂತು. ಫ್ಯಾನ್ ತಿರುಗಿದ ಸದ್ದಿಗೆ ಎಚ್ಚರವಾಗಿ ಹಾಲ್‌ಗೆ ಓಡಿದೆ. ಟ್ಯಾಂಕ್ ಕತ್ತಲಾಗೇ ಇತ್ತು. ಫಿಲ್ಟರ್ ಸದ್ದು ಮಾತ್ರ.

ಮಲೆಮಳೆ, ಸಕಲೇಶಪುರ

ಇದನ್ನು ಓದಿ ನನಗೇ ನಿದ್ದೆ ಚೆನ್ನಾಗಿ ಬರುತ್ತದೆ ಇವತ್ತು.

ಪುಟ್ಟಕೊಳ

ಸರ್, ಆ ಪ್ರೋಗ್ರಾಂ ಇಲ್ಲಿ ಹಾಕುತ್ತೀರಾ?

ಸೋಲ್ಡರ್‌ಕಡ್ಡಿ, ಬೆಂಗಳೂರು

ಶನಿವಾರ ಹಾಕುತ್ತೇನೆ, ಪ್ರತಿ ಸಾಲಿಗೂ ಕನ್ನಡದಲ್ಲೇ ವಿವರಣೆ ಬರೆದು.

ಬಾಳೆಮೀನು

ಮುಚ್ಚಳ?

ಹೊಳೆಸಾಲು, ಶಿವಮೊಗ್ಗ

ಅವತ್ತು ಸಂಜೆಯೇ ಹಾಕಿದೆ ಸರ್.